ಬ್ರೂಸ್‌ಪೇಟೆಯಲ್ಲಿ ಸೇಬಿನ ಸಸಿ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುವುದುಂಟು. ನಾವೂ ಜೊತೆಗೂಡಿ ನಗುತ್ತೇವೆ. ಆ ಮಾತು ಹುಟ್ಟಿದ್ದು ನಮ್ಮ ಕಟ್ಟೆಗಳ ಮೇಲೆಯೇ ಇರಬೇಕೆಂದು ನನ್ನ ಗುಮಾನಿ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದರೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರಿನ ನೆತ್ತಿಯ ಮೇಲೆ ಕೂತಿರುವ ಕೋಟೆ ಗುಡ್ಡ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ನಮ್ಮ ಊಟವಾದ ಮೇಲೆ ನಿಧಾನವಾಗಿ ಬಿಡತೊಡಗುತ್ತದೆ. ಮಾಳಿಗೆಗೆ ನೀರು ಹೊಡೆದು, ಆ ಹಬೆ ಆರುವ ತನಕ ಕಾದು, ಆಮೇಲೆ ಹಾಸಿಗೆ ಬಿಡಿಸುವ ಊರು ಇದು. ಇಂಥ ಊರಿನ ಬ್ರೂಸ್‌ಪೇಟೆಯಲ್ಲಿ, ಯಾವುದೋ ಕಾಲದ ಬ್ರೂಸ್ ದೊರೆಯ ಹೆಸರು ಹೊತ್ತ ಈ ಪೇಟೆಯಲ್ಲಿ, ನಮ್ಮ ಮಾಳಿಗೆಯ ಮೂಡಣ ಮೂಲೆಯಲ್ಲೊಂದು ಸೇಬಿನ ಗಿಡ ಇದೆ ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ, "ಆ್ಯಪಲ್ಲಾ? ಬಳ್ಳಾರ್ಯಾಗಾ?" ಅನ್ನುತ್ತಾರೆ. ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಹಣ್ಣು ಬಿಟ್ಟೈತೇನ್ರೀ?"

ಬಿಟ್ಟಿಲ್ಲ. ಬಿಡುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿರಾಳವಾಗಿ ಹೇಳಬಹುದು.

ತಿಂದ ಹಣ್ಣಿನ ಬೀಜವನ್ನು ಎಸೆಯಲಾರದ ಜನರ ಒಂದು ಜಾತಿಯೇ ಇದೆ. ನಾನು ಆ ಜಾತಿಯವನು. ಮಾವಿನ ಗೊರಟೆ, ಸೀತಾಫಲದ ಕರಿಬೀಜ, ಹುಣಸೆಬೀಜ, ಯಾವುದು ಕೈಗೆ ಬಂದರೂ ಹೆಬ್ಬೆರಳಲ್ಲಿ ಒತ್ತಿ ಒಂದು ಕುಂಡದ ಮಣ್ಣೊಳಗೆ ಇಳಿಸಿದರೇ ಸಮಾಧಾನ. ನಮ್ಮ ಸೀಮೆಯ ಬೀಜಗಳು ಮರ್ಯಾದಸ್ಥರು. ನೀರು ಕಂಡರೆ ಎದ್ದು ನಿಲ್ಲುತ್ತವೆ. ಮಾವಿನ ಗೊರಟೆಯಂತೂ ನೀರು ಹಾಕಿದ್ದೇ ನೆಪ, ತಿಪ್ಪೆಯಲ್ಲೂ ಚಿಗುರುತ್ತದೆ. ಸೇಬಿನದು ಬೇರೆ ಸ್ವಭಾವ. ಹಣ್ಣಿನಿಂದ ತೆಗೆದು ನೇರ ಮಣ್ಣಿಗಿಟ್ಟರೆ ಅದು ಬದುಕಿಯೂ ಇರುತ್ತದೆ, ಏಳುವುದೂ ಇಲ್ಲ. ಕೆದಕಿ ನೋಡಿದರೆ ಇಟ್ಟ ಹಾಗೆಯೇ ಗುಂಡಗೆ ಮಲಗಿರುತ್ತದೆ.

ಅದಕ್ಕೆ ಕಾರಣವಿದೆ. ಸೇಬು ಚಳಿನಾಡಿನ ಮರ. ಅದರ ತವರು ಮಧ್ಯ ಏಷ್ಯಾದ ಬೆಟ್ಟಗಳು, ಈಗಿನ ಕಜಾಕಿಸ್ತಾನದ ತಿಯಾನ್ ಶಾನ್ ತಪ್ಪಲು. 1929ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಅಲ್ಮಾ ಆತಾ ಊರಿನ ಸುತ್ತ ಕಾಡೆಂಬ ಕಾಡೆಲ್ಲ ಸೇಬೇ ಆಗಿರುವುದನ್ನು ಕಂಡು, ಇದೇ ಸೇಬಿನ ಹುಟ್ಟೂರು ಎಂದು ಗುರುತಿಸಿದ. ಅಲ್ಲಿ ಹಣ್ಣು ಉದುರುವುದು ಚಳಿಗಾಲ ಹೊಸ್ತಿಲಲ್ಲಿ ನಿಂತಾಗ. ಬಿದ್ದ ಬೀಜ ತಕ್ಷಣ ಮೊಳೆತರೆ ಎಳೆ ಸಸಿ ಹಿಮದಲ್ಲಿ ಸಾಯುತ್ತದೆ. ಹಾಗಾಗಿ ಬೀಜ ತನ್ನೊಳಗೇ ಒಂದು ಬೀಗ ಹಾಕಿಕೊಂಡಿದೆ. ಒದ್ದೆ ಮಣ್ಣಿನಲ್ಲಿ, ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪ ಮೇಲಿನ ಚಳಿಯಲ್ಲಿ ಎರಡು ಮೂರು ತಿಂಗಳು ಕಳೆದರೆ ಮಾತ್ರ ಬೀಗ ತೆರೆಯುತ್ತದೆ. ಚಳಿಗಾಲ ಮುಗಿಯಿತು, ಇನ್ನು ಏಳಬಹುದು ಎಂಬ ಲೆಕ್ಕ ಅದರದು.

ಬಳ್ಳಾರಿಯಲ್ಲಿ ಆ ಚಳಿಯನ್ನು ಎಲ್ಲಿಂದ ತರುವುದು? ಡಿಸೆಂಬರ್, ಜನವರಿಯ ರಾತ್ರಿಯಲ್ಲೂ ಇಲ್ಲಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ನಾವು ಅದಕ್ಕೇ ಸ್ವೆಟರ್ ಹುಡುಕುತ್ತೇವೆ, ಸೇಬಿನ ಬೀಜ ಮಗ್ಗುಲು ಸಹ ಬದಲಿಸುವುದಿಲ್ಲ. ಇರುವ ಚಳಿಗಾಲವೆಂದರೆ ಅಡುಗೆಮನೆಯ ಫ್ರಿಜ್ ಒಂದೇ. ಅದರ ಕೆಳಗಿನ ತಟ್ಟೆಯಲ್ಲಿ 4–5 ಡಿಗ್ರಿ ಇರುತ್ತದೆ. ತಿಯಾನ್ ಶಾನಿನ ನವೆಂಬರ್ ತಿಂಗಳು ಅಂತ ತಿಳಿಯಿರಿ.

ಗಣೇಶನ ಹಬ್ಬಕ್ಕೆ ಐದು ಬಗೆಯ ಹಣ್ಣು ಇಡುತ್ತೇವಲ್ಲ, ಅದರಲ್ಲಿ ಸೇಬು ಇದ್ದೇ ಇರುತ್ತದೆ. ಆ ಹೊತ್ತಿಗೆ ಹಿಮಾಚಲದ ಹೊಸ ಫಸಲು ಬಂದಿರುತ್ತದೆ. ಸೇಬನ್ನು ನಾವು ಸಾಮಾನ್ಯವಾಗಿ ತೊಟ್ಟಿನಿಂದ ಕೆಳಕ್ಕೆ ಹೆಚ್ಚುತ್ತೇವೆ. ಒಮ್ಮೆ ಅಡ್ಡಡ್ಡಲಾಗಿ, ನಡುವಿಗೆ ಸರಿಯಾಗಿ ಕೊಯ್ದು ನೋಡಿ. ನಡುವೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಒಂದೊಂದು ಮೂಲೆಯೂ ಉಗುರಿನಷ್ಟು ಗಟ್ಟಿಯಾದ ತೆಳು ಪೊರೆಯ ಕೋಣೆ. ಒಂದೊಂದು ಕೋಣೆಯಲ್ಲಿ ಸಾಮಾನ್ಯವಾಗಿ ಎರಡು ಬೀಜಕ್ಕೆ ಜಾಗ, ಅಂದರೆ ಹೆಚ್ಚಿನ ಸೇಬುಗಳಲ್ಲಿ ಹತ್ತರ ತನಕ. ಹತ್ತೂ ತುಂಬಿರುವುದು ಅಪರೂಪ. ಕೆಲವು ಕಂದುಬಣ್ಣದಲ್ಲಿ ಮಿರುಗುತ್ತ ಉಬ್ಬಿಕೊಂಡಿರುತ್ತವೆ, ಕೆಲವು ಚಪ್ಪಟೆ, ಒತ್ತಿದರೆ ಒಳಗೆ ಏನೂ ಇಲ್ಲ. ಜೇನ್ನೊಣ ಆ ಹೂವಿಗೆ ಬಂದಾಗ ಪರಾಗ ಎಲ್ಲ ಕೋಣೆಗೂ ತಲುಪಿರುವುದಿಲ್ಲ. ಹಣ್ಣು ಒಂದು ಕಡೆ ಸೊಟ್ಟಗಿದ್ದರೆ ಆ ಕಡೆಯ ಬೀಜ ಪೊಳ್ಳೆಂದು ಕೊಯ್ಯುವ ಮುಂಚೆಯೇ ಹೇಳಿಬಿಡಬಹುದು. ನಮ್ಮ ಮನೆಯ ಮಕ್ಕಳ ಮುಂದೆ ಈ ಜಾಣತನ ತೋರಿಸಿ ನಾನು ಎಷ್ಟೋ ಸಲ ಬೀಗಿದ್ದೇನೆ.

ಸೇಬಿನ ಬೀಜ ವಿಷ ಎಂದು ಮನೆಯ ಹಿರಿಯರು ಹೆದರಿಸುವುದು ಪೂರಾ ಸುಳ್ಳಲ್ಲ. ಅದರಲ್ಲಿ ಅಮಿಗ್ಡಲಿನ್ ಎಂಬ ಪದಾರ್ಥವಿದೆ. ಜಗಿದರೆ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಅಕಸ್ಮಾತ್ ಒಂದೆರಡು ಇಡಿಯಾಗಿ ನುಂಗಿದರೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿ ಮರ ಬೆಳೆಯುತ್ತದೆ ಎಂಬುದಂತೂ ಬಳ್ಳಾರಿಯಲ್ಲಿ ಆಗದ ಮಾತು, ಹೊಟ್ಟೆಯೊಳಗೆ ಫ್ರಿಜ್ ಇಲ್ಲ.

ಬೀಜವನ್ನು ತೊಳೆದು, ಒಂದು ರಾತ್ರಿ ನೀರಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಹಿಂಡಿದ ಒದ್ದೆ ಬಟ್ಟೆಯಲ್ಲೋ ಕೊಕೊಪೀಟಿನಲ್ಲೋ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿದರೆ ಕೆಲಸ ಮುಗಿಯಿತು. ಮೇಲಿನ ಐಸಿನ ಖಾನೆಗೆ ಇಡಬಾರದು, ಅಲ್ಲಿ ಚಳಿ ಹೆಚ್ಚಾಗಿ ಬೀಜ ಕೆಡಬಹುದು. ವಾರಕ್ಕೊಮ್ಮೆ ತೆರೆದು ಗಾಳಿ ಆಡಿಸಬೇಕು, ಬೂಷ್ಟು ಬಂದಿದ್ದರೆ ತೊಳೆಯಬೇಕು. ಇದೆಲ್ಲ ಸುಲಭ. ಕಷ್ಟವಿರುವುದು ಫ್ರಿಜ್ಜಿನ ಒಡೆತನದ ವಿಚಾರದಲ್ಲಿ. ಇಡ್ಲಿ ಹಿಟ್ಟು, ಮೊಸರು, ಕೊತ್ತಂಬರಿ ಕಟ್ಟು, ಶೇಂಗಾ ಚಟ್ನಿ ಇವುಗಳ ನಡುವೆ ನನ್ನ ಡಬ್ಬಿಗೆ ಜಾಗ ಕೇಳುವುದೆಂದರೆ ಬ್ರೂಸ್‌ಪೇಟೆಯಲ್ಲಿ ಹೊಸ ಅಂಗಡಿಗೆ ಜಾಗ ಕೇಳಿದ ಹಾಗೆ. "ಇದೇನ್ರೀ, ಇದನ್ನ ಎಷ್ಟು ದಿನ ಇಡಬೇಕು?" ಎಂದು ಮನೆಯಾಕೆ ಕೇಳುತ್ತಾಳೆ. "ಕಾರ್ತಿಕ ಮುಗಿಯೋವರೆಗೆ" ಎಂದರೆ ಡಬ್ಬಿಯನ್ನೂ ನನ್ನನ್ನೂ ಒಂದೇ ಸಲ ನೋಡುತ್ತಾಳೆ. ದೀಪಾವಳಿಗೆ ಬಂದ ನೆಂಟರ ಹುಡುಗನೊಬ್ಬ ಹಲ್ವಾ ಇರಬಹುದೆಂದು ತೆರೆದು, ಒದ್ದೆ ಬಟ್ಟೆ ಬಿಡಿಸಿ, ಒಳಗೆ ಬಾಲ ಬಂದ ಬೀಜಗಳನ್ನು ಕಂಡು ಹುಳ ಹುಳ ಎಂದು ಕೂಗಿದ್ದೂ ಆಗಿದೆ. ನನಗೆ ಮಾತ್ರ ಆ ಕೂಗು ಸಂತೋಷದ ಸುದ್ದಿ. ಚೂಪಾದ ತುದಿಯ ಕಡೆಯಿಂದ ಕಂದು ಸಿಪ್ಪೆ ಸೀಳಿ, ಎಳ್ಳುಕಾಳಿನಷ್ಟು ಬಿಳಿ ಬೇರು ಹೊರಗೆ ಇಣುಕಿತ್ತು.

ನಮ್ಮ ಬೀದಿಯ ತಳ್ಳುಗಾಡಿಯ ಹಣ್ಣಿನ ಭಾಯಿಗೆ ಈ ವಿಚಾರ ಗೊತ್ತು. ಅವರು ನನಗಾಗಿ ತೂಕಕ್ಕೆ ಬಾರದ, ಪೆಟ್ಟು ತಿಂದ ಸೇಬುಗಳನ್ನು ಎತ್ತಿಡುತ್ತಾರೆ. ಬೇಸಿಗೆಯಲ್ಲಿ ಒಂದು ದಿನ, "ಸಾರ್, ಬರ್ರಿ ಇಲ್ಲಿ, ಹಣ್ಣಿನೊಳಗೇ ಮೊಳಕಿ ಬಂದೈತಿ ನೋಡ್ರಿ, ಗಿರಾಕಿ ವಾಪಸ್ ತಂದು ಕೊಟ್ಟು ಬೈದು ಹೋದ" ಎಂದು ಕರೆದರು. ಹೋಳಿನ ನಕ್ಷತ್ರದೊಳಗೆ ಬಿಳಿ ಬೇರುಗಳು ಸುರುಳಿ ಸುತ್ತಿಕೊಂಡಿದ್ದವು. ಹಣ್ಣು ಕೆಟ್ಟಿರಲಿಲ್ಲ. ಕಾಶ್ಮೀರದಲ್ಲೋ ಹಿಮಾಚಲದಲ್ಲೋ ಶರತ್ಕಾಲದಲ್ಲಿ ಕಿತ್ತ ಸೇಬನ್ನು ತಿಂಗಳುಗಟ್ಟಲೆ ಶೀತಲಗೃಹದಲ್ಲಿಟ್ಟು ಬೇಸಿಗೆಗೆ ಮಾರುತ್ತಾರೆ. ಆ ಶೀತಲಗೃಹದಲ್ಲೇ ಬೀಜದ ಚಳಿಗಾಲ ಮುಗಿದುಹೋಗಿದೆ, ಹಣ್ಣಿನ ತೇವವೇ ಅದಕ್ಕೆ ಮಣ್ಣಿನ ತೇವ. ಫ್ರಿಜ್ಜಿನ ಜಗಳ ಬೇಡವೆನ್ನುವವರು ಮಾರ್ಚ್ ತಿಂಗಳ ಸೇಬಿನ ಬೀಜ ನೋಡಬಹುದು. ಅದರ ತೊಂದರೆಯೆಂದರೆ, ಆಗ ಹುಟ್ಟಿದ ಸಸಿ ನೇರ ಏಪ್ರಿಲ್ ತಿಂಗಳ ಬಾಯಿಗೆ ಬೀಳುತ್ತದೆ. ಗಣೇಶನ ಹಬ್ಬದ ಬೀಜವೇ ವಾಸಿ. ಕಾರ್ತಿಕದ ಕೊನೆಗೆ ಮೊಳೆತರೆ ನಮ್ಮ ಊರಿನ ಮೂರು ಒಳ್ಳೆಯ ತಿಂಗಳು ಅದಕ್ಕೆ ಸಿಗುತ್ತವೆ.

ಇನ್ನು ಗುರುತು ಹಿಡಿಯುವ ಮಾತು. ಕುಂಡದಲ್ಲಿ ಬೀಜ ಹಾಕಿದವನೊಬ್ಬ, ಮೊಳೆಯುವವರು ಹತ್ತಾರು ಮಂದಿ. ಮಾಳಿಗೆಯ ಮೇಲಿನ ಕುಂಡಗಳೆಂದರೆ ಹಕ್ಕಿಗಳ ಪಾಲಿಗೆ ಸತ್ರ. ಬೇವಿನ ಹಣ್ಣು ತಿಂದ ಗೊರವಂಕ ಅಲ್ಲೇ ಕೂತು ಬೀಜ ಉಗುಳುತ್ತದೆ. ಬಸರಿ, ಅತ್ತಿ, ಅರಳಿಗಳ ಬೀಜ ಯಾವ ಹಕ್ಕಿಯ ಹಿಕ್ಕೆಯಲ್ಲಿ ಬಂತೋ ಗೊತ್ತಾಗುವುದೇ ಇಲ್ಲ. ಅಡುಗೆಮನೆಯ ಗೊಬ್ಬರದೊಳಗಿಂದ ಟೊಮ್ಯಾಟೊ, ಮೆಣಸಿನಕಾಯಿ, ಪರಂಗಿ ಕರೆಯದೆ ಬರುತ್ತವೆ. ನೀರು ಹಾಕಿದ ಮೂರನೇ ವಾರ ಎಲ್ಲವೂ ಎರಡೆಲೆಯ ಹಸುಗೂಸುಗಳೇ. ಯಾವುದು ನಮ್ಮದು?

ಸೇಬಿನ ಮೊದಲ ಎರಡು ಎಲೆಗಳು ನಿಜದ ಎಲೆಗಳಲ್ಲ, ಬೀಜದ ದಳಗಳು. ಅವು ಮೊಟ್ಟೆಯಾಕಾರ, ದಪ್ಪ, ನುಣುಪು, ಅಂಚಿನಲ್ಲಿ ಒಂದು ಹಲ್ಲೂ ಇಲ್ಲ. ಈ ಹಂತದಲ್ಲಿ ಪಣ ಕಟ್ಟಬಾರದು. ಎರಡು ದಳಗಳ ನಡುವಿನಿಂದ ಬರುವ ಮುಂದಿನ ಎಲೆಯೇ ಸಾಕ್ಷಿ. ಅದರ ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳು. ಬೆಳಕಿಗೆ ಎತ್ತಿ ಹಿಡಿದರೆ ಎಲೆಯ ಅಡಿಯಲ್ಲಿ ಬೆಳ್ಳನೆಯ ನವುರಾದ ಜೂಲು. ಎಳೆ ಕಾಂಡಕ್ಕೆ ಒಂಚೂರು ಕೆಂಪು ಛಾಯೆ. ಎಲೆಗಳು ಜೋಡಿಯಾಗಿ ಬರುವುದಿಲ್ಲ, ಒಂದು ಈ ಕಡೆ, ಮುಂದಿನದು ಸ್ವಲ್ಪ ಮೇಲೆ ಆ ಕಡೆ. ಬೇವಿಗೂ ಎಲೆಯಂಚಿನಲ್ಲಿ ಹಲ್ಲಿದೆ, ಆದರೆ ಅದರ ಎಲೆ ಬೇಗನೆ ಸೀಳಿ ಸೀಳಿ ಗರಿಯಾಗುತ್ತದೆ. ಸೀತಾಫಲದ ಎಲೆಯ ಅಂಚು ನುಣುಪು, ಉಜ್ಜಿದರೆ ಮೂಗಿಗೆ ಹತ್ತುವ ವಾಸನೆ. ಬೋರೆಯ ಎಲೆಯಲ್ಲಿ ಬುಡದಿಂದ ತುದಿಗೆ ಮೂರು ನರಗಳು ಎದ್ದು ಕಾಣುತ್ತವೆ, ಅದು ಸಾಲದೆಂಬಂತೆ ಮುಳ್ಳೂ ಚುಚ್ಚುತ್ತದೆ. ಅಸಲು ಮೋಸ ಮಾಡುವುದು ಮರಸೇಬು. ಅದು ಸೇಬಿನ ದಾಯಾದಿ, ಎಳೆಯದರಲ್ಲಿ ಇಬ್ಬರ ಮುಖವೂ ಒಂದೇ. ಮರಸೇಬಿನ ಎಲೆ ತುಸು ಹೊಳಪು, ಜೂಲು ಕಡಿಮೆ ಎಂಬುದೊಂದೇ ಆಧಾರ. ಅದಕ್ಕೇ ಎರಡು ಹಣ್ಣಿನ ಬೀಜಗಳನ್ನು ಒಂದೇ ಕುಂಡಕ್ಕೆ ಹಾಕಬಾರದು. ಹೆಸರು ಬರೆದ ಕಡ್ಡಿ ಚುಚ್ಚಿದರೂ ಬಳ್ಳಾರಿಯ ಬಿಸಿಲಿಗೆ ಪೆನ್ನಿನ ಮಸಿ ಹಾರಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ.

ಇಷ್ಟು ಗುರುತು ಹಿಡಿದ ಮೇಲೂ ಒಂದು ಪ್ರಶ್ನೆಗೆ ಉತ್ತರವಿಲ್ಲ: ಇದು ಯಾವ ಸೇಬು? ಶಿಮ್ಲಾ ಸೇಬಿನ ಬೀಜ ಹಾಕಿದರೆ ಶಿಮ್ಲಾ ಸೇಬು ಬರುತ್ತದೆಂದು ಲೋಕವೆಲ್ಲ ನಂಬಿದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಸೇಬಿನ ಮನೆಗೆ ಸಲ್ಲುವುದಿಲ್ಲ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ಬೇರೆ ತಳಿಯ ಮರದಿಂದ ಜೇನ್ನೊಣ ತಂದದ್ದೇ ಆಗಬೇಕು. ಹಾಗಾಗಿ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಜೇನ್ನೊಣಕ್ಕೆ ಗೊತ್ತು. ಒಂದೇ ಹಣ್ಣಿನ ಹತ್ತು ಬೀಜಕ್ಕೆ ಹಲವು ತಂದೆಯರಿರಬಹುದು. ಹತ್ತು ಬೀಜದಿಂದ ಹತ್ತು ಬೇರೆ ಬೇರೆ ಸೇಬು, ಮತ್ತು ಅವುಗಳಲ್ಲಿ ಹೆಚ್ಚಿನವು ಸಣ್ಣ, ಹುಳಿ, ಒಗರು. ಅದಕ್ಕೇ ಲೋಕದ ಸೇಬಿನ ತೋಟಗಳೆಲ್ಲ ಕಸಿಯ ಮೇಲೆ ನಿಂತಿವೆ. ನಾವು ತಿನ್ನುವ ಪ್ರತಿಯೊಂದು ರೆಡ್ ಡಿಲಿಷಿಯಸ್ ಹಣ್ಣೂ ಯಾವುದೋ ಕಾಲದ ಒಂದೇ ಮರದ ಕೊಂಬೆಯ ತುಂಡು ಬೆಳೆದು ಬೆಳೆದು ಬಂದದ್ದು.

ನಮ್ಮ ಜಿಲ್ಲೆಯ ಅಂಜೂರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಾರಿಯ ಅಂಜೂರಕ್ಕೆ ಒಳ್ಳೆಯ ಹೆಸರಿದೆ, ಅದನ್ನು ಬೆಳೆಸುವುದೆಲ್ಲ ಕಡ್ಡಿ ನೆಟ್ಟು. ಕುರುಗೋಡು ಕಡೆಯ ಒಬ್ಬ ಹಿರಿಯ ತೋಟದವರು ನನ್ನ ಸಸಿ ನೋಡಿ, "ಬೀಜದಿಂದ ಎಬ್ಬಿಸೀಯೇನಪಾ? ಹಂಗಾರ ಇದು ನಿನ್ನ ಗಿಡ ಅಲ್ಲ, ಅದರ ಪಾಡಿಗೆ ಅದು" ಅಂದರು. ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಆದರೂ ಆ ಮೊದಲನೆಯ ಮರ, ಕಸಿಗೆ ಕೊಂಬೆ ಕೊಟ್ಟ ಮೂಲ ಮರ, ಎಲ್ಲಿಂದ ಬಂತು? ಇಲ್ಲಿ ಕಥೆ ರುಚಿಯಾಗುತ್ತದೆ. 1870ರ ದಶಕದಲ್ಲಿ ಅಮೆರಿಕದ ಅಯೋವಾದ ಪೆರು ಎಂಬ ಊರಿನಲ್ಲಿ ಜೆಸ್ಸಿ ಹಯಟ್ ಎಂಬ ರೈತನ ತೋಟದ ಸಾಲು ತಪ್ಪಿ ಒಂದು ಬೀಜದ ಸಸಿ ಎದ್ದಿತಂತೆ. ಅವನು ಕಡಿದ. ಮತ್ತೆ ಚಿಗುರಿತು. ಮತ್ತೆ ಕಡಿದ. ಮೂರನೆಯ ಸಲವೂ ಬಂದಾಗ, ಬದುಕಿಕೋ ಎಂದು ಬಿಟ್ಟ. ಆಮೇಲೆ ಸ್ಟಾರ್ಕ್ ನರ್ಸರಿಯವರು ಅದರ ಹಕ್ಕು ಕೊಂಡರು, ರೆಡ್ ಡಿಲಿಷಿಯಸ್ ಎಂಬ ಹೆಸರಲ್ಲಿ ಅದು ಲೋಕ ಸುತ್ತಿತು. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವನು 1916ರಲ್ಲಿ ಅದರ ಸಸಿಗಳನ್ನು ಶಿಮ್ಲಾ ಬೆಟ್ಟಗಳ ಕೋಟಗಢಕ್ಕೆ ತಂದು ನೆಟ್ಟ. ಅವನೇ ಮುಂದೆ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ, ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡು, ಇಲ್ಲಿಯವನೇ ಆಗಿ ತೀರಿಕೊಂಡ. ಎರಡು ಸಲ ಕಡಿಸಿಕೊಂಡ ಕಳೆಗಿಡ ಇವತ್ತು ನಮ್ಮ ಭಾಯಿಯ ಗಾಡಿಯಲ್ಲಿ ಸ್ಟಿಕರ್ ಅಂಟಿಸಿಕೊಂಡು ಕೂತಿದೆ. ಹಸಿರು ಸೇಬು ಗ್ರ್ಯಾನಿ ಸ್ಮಿತ್ ಇದೆಯಲ್ಲ, ಅದೂ ಹಾಗೇ. ಸಿಡ್ನಿಯ ಹತ್ತಿರ ಮಾರಿಯಾ ಆ್ಯನ್ ಸ್ಮಿತ್ ಎಂಬ ಮುದುಕಿ ಎಸೆದ ಹಣ್ಣಿನ ಕಸದಲ್ಲಿ 1868ರ ಸುಮಾರಿಗೆ ಎದ್ದದ್ದು.

ಕನ್ನಡನಾಡಿಗೂ ಈ ಕಥೆಯ ಒಂದು ಎಳೆ ಹಾಯ್ದಿದೆ. ಬೆಂಗಳೂರಲ್ಲಿ ಒಂದು ಕಾಲಕ್ಕೆ ಸೇಬು ಬೆಳೆಯುತ್ತಿತ್ತು ಎಂದರೆ ಈಗಿನ ಬೆಂಗಳೂರಿನವರೇ ನಂಬುವುದಿಲ್ಲ. 1874ರಲ್ಲಿ ಲಾಲ್‌ಬಾಗಿನ ಉಸ್ತುವಾರಿಗೆ ಬಂದ ಜಾನ್ ಕ್ಯಾಮರಾನ್ ಸೀಮೆಬದನೆಯಂಥ ಎಷ್ಟೋ ಹೊಸ ಬೆಳೆಗಳನ್ನು ತರಿಸಿ ಹಬ್ಬಿಸಿದವನು. ಬೆಂಗಳೂರಿನ ಸೇಬೂ ಆ ಸಡಗರದ ಫಲ. ಹಳೆಯ ಬಂಗಲೆಗಳ ಕಾಂಪೌಂಡುಗಳಲ್ಲಿ, ಊರ ಸುತ್ತಿನ ತೋಟಗಳಲ್ಲಿ ಸೇಬಿನ ಮರಗಳಿದ್ದವು. ಆಮೇಲೆ ತೋಟಗಳು ಬಡಾವಣೆಗಳಾದವು, ಮುಂದಿನದು ನಿಮಗೆ ಗೊತ್ತು. ಅಲ್ಲಿ ಹೆಸರು ಮಾಡಿದ ತಳಿ ರೋಮ್ ಬ್ಯೂಟಿ. ಅದರ ಜಾತಕ ತೆಗೆದರೆ ಮತ್ತೆ ಬೀಜದ ಗಿಡವೇ. 1817ರಲ್ಲಿ ಅಮೆರಿಕದ ಓಹಾಯೊದಲ್ಲಿ ಜೋಯೆಲ್ ಗಿಲೆಟ್ ಎಂಬಾತ ಕಸಿಯ ಸಸಿಗಳನ್ನು ಕೊಂಡು ತಂದ. ಒಂದು ಸಸಿಯಲ್ಲಿ ಕಸಿಯ ಕೆಳಗಿನಿಂದ, ಅಂದರೆ ಬೀಜದಿಂದ ಬೆಳೆದ ಬುಡದಿಂದ, ಬೇಡದ ಚಿಗುರು ಬಂದಿತ್ತು. ಇದು ಕೆಲಸಕ್ಕೆ ಬಾರದ್ದೆಂದು ಮಗನ ಕೈಗೆ ಕೊಟ್ಟ, ಮಗ ಅದನ್ನು ಹೊಳೆಯ ದಂಡೆಯಲ್ಲಿ ನೆಟ್ಟ. ರೋಮ್ ಟೌನ್‌ಶಿಪ್ಪಿನ ಆ ಅನಾಥ ಗಿಡವೇ ರೋಮ್ ಬ್ಯೂಟಿ. ಲಾಲ್‌ಬಾಗಿನ ಊರಿಗೆ ಬಂದದ್ದು ಅದೇ ಗಿಡದ ಕೊಂಬೆ.

ಚಳಿಯಿಲ್ಲದ ನೆಲದಲ್ಲಿ ಅದು ಹಣ್ಣು ಬಿಟ್ಟದ್ದು ಹೇಗೆ? ಸೇಬಿನ ಮರಕ್ಕೂ ಬೀಜದಂಥದೇ ಒಂದು ಲೆಕ್ಕವಿದೆ. 7 ಡಿಗ್ರಿಗಿಂತ ಕೆಳಗೆ ಇಷ್ಟು ಗಂಟೆ ಕಳೆದರೆ ಮಾತ್ರ ಮೊಗ್ಗು ಏಳುತ್ತದೆ. ರೆಡ್ ಡಿಲಿಷಿಯಸ್‌ನಂಥವಕ್ಕೆ 800 ಗಂಟೆಗೂ ಮೇಲೆ ಬೇಕು. ಬಳ್ಳಾರಿಯ ಒಂದು ಇಡೀ ಚಳಿಗಾಲದಲ್ಲಿ ಅಂಥ ಒಂದು ಗಂಟೆಯೂ ಸಿಗುವುದು ಕಷ್ಟ. ಅದಕ್ಕೊಂದು ಒಳದಾರಿಯನ್ನು ಇಂಡೊನೇಷ್ಯಾದ ರೈತರು ಹಿಡಿದಿದ್ದಾರೆ. ಜಾವಾ ದ್ವೀಪದ ಮಲಾಂಗ್ ಹತ್ತಿರದ ಬಾಟು ಬೆಟ್ಟಗಳಲ್ಲಿ, ಸಮಭಾಜಕ ವೃತ್ತದ ಬಗಲಲ್ಲೇ, ಇದೇ ರೋಮ್ ಬ್ಯೂಟಿಯಿಂದ ವರ್ಷಕ್ಕೆ ಎರಡು ಫಸಲು ತೆಗೆಯುತ್ತಾರೆ. ಕೊಯ್ಲಾದ ಕೆಲವೇ ವಾರಕ್ಕೆ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಬೋಳಿಸುತ್ತಾರೆ. ಮರ ಆಳವಾದ ನಿದ್ದೆಗೆ ಜಾರುವ ಮೊದಲೇ ಅದನ್ನು ಅಲುಗಾಡಿಸಿ ಎಬ್ಬಿಸುವ ಉಪಾಯ. ನಮ್ಮ ಕಡೆಯ ದಾಳಿಂಬೆ ಬೆಳೆಗಾರರು ಇದನ್ನು ಕೇಳಿದರೆ ಇದರಲ್ಲೇನು ಹೊಸದು ಅನ್ನುತ್ತಾರೆ. ನೀರು ನಿಲ್ಲಿಸಿ, ಚಾಟ್ನಿ ಮಾಡಿ, ಅಂದರೆ ಕೊಂಬೆ ಸವರಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಒಟ್ಟಿಗೇ ಹೂ ಬಿಡಿಸುವ ಬಹಾರ್ ಅವರಿಗೆ ಅಂಗೈ ರೇಖೆ.

ನನ್ನ ಸಸಿಯ ಮೇಲೆ ಈ ವಿದ್ಯೆಯನ್ನು ನಾನೂ ಪ್ರಯೋಗಿಸುತ್ತೇನೆ. ಬಿಟ್ಟರೆ ಅದರ ಪಾಡು ನೋಡುವ ಹಾಗಿರುವುದಿಲ್ಲ. ಜನವರಿ ಬಂದರೂ ಹಳೆಯ ಎಲೆ ಉದುರಿಸಲು ಅದಕ್ಕೆ ಮನಸ್ಸಿಲ್ಲ. ಅಂಚು ಸುಟ್ಟು ಕಂದಾದ ಎಲೆಗಳನ್ನು ಹೊತ್ತುಕೊಂಡೇ ನಿಂತಿರುತ್ತದೆ. ತುದಿಯ ಒಂದು ಮೊಗ್ಗು ಮಾತ್ರ ಎದ್ದು ನಾಲ್ಕೆಲೆ ಬಿಡುತ್ತದೆ, ಪಕ್ಕದ ಮೊಗ್ಗುಗಳು ಕಾಂಡಕ್ಕೆ ಒತ್ತಿಕೊಂಡು ಮಲಗಿರುತ್ತವೆ. ಉದ್ದದ ಬೋಳು ಕೋಲು, ಮೇಲೊಂದು ಪುಟ್ಟ ಜುಟ್ಟು. ಸಾಕಷ್ಟು ಚಳಿ ಸಿಗದ ಸೇಬಿನ ಲಕ್ಷಣವೇ ಇದು. ಎಲೆಯನ್ನು ಕಿತ್ತರೆ, ಕೋಲನ್ನು ತುಸು ಬಾಗಿಸಿ ದಾರದಿಂದ ಕಟ್ಟಿದರೆ, ಒಂದೆರಡು ವಾರದಲ್ಲಿ ಪಕ್ಕದ ಮೊಗ್ಗುಗಳ ತುದಿ ಬೆಳ್ಳಗಾಗಿ, ಬಿರಿದು, ಜೂಲಿನ ಎಲೆ ಹೊರಬರುತ್ತದೆ. ಅಲ್ಲಲ್ಲಿ ಗಿಡ್ಡ ಕೊಂಬೆಗಳು ಮುಳ್ಳಿನಂತೆ ಚೂಪಾಗಿರುತ್ತವೆ. ಬೀಜದ ಸೇಬಿನ ಎಳೆತನದ ಗುರುತು ಅದು, ಕಸಿಯ ಗಿಡದಲ್ಲಿ ಕಾಣುವುದಿಲ್ಲ. ಆ ಎಳೆತನ ಕಳೆದು ಹೂವಿನ ಯೋಗ್ಯತೆ ಬರಲು ತಣ್ಣನೆಯ ನಾಡಿನಲ್ಲೇ ಆರರಿಂದ ಹತ್ತು ವರ್ಷ ಹಿಡಿಯುತ್ತದೆ.

ಬೇಸಿಗೆಯ ಆರೈಕೆಗೆ ಹೆಚ್ಚು ಮಾತು ಬೇಕಿಲ್ಲ. ಎರೆಮಣ್ಣು ಬೇಡ, ನೀರು ಹಿಡಿದು ಬೇರು ಕೊಳೆಸುತ್ತದೆ. ಮಸಾರಿ ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಬೆಳಗಿನ ಬಿಸಿಲು ಒಂಬತ್ತು ಗಂಟೆಯವರೆಗೆ, ಆಮೇಲೆ ಹಸಿರು ಪರದೆಯ ನೆರಳು. ಸಿಮೆಂಟಿನ ಮಾಳಿಗೆಯ ಮೇಲೆ ಕುಂಡವನ್ನು ನೇರ ಇಡದೆ ಇಟ್ಟಿಗೆಯ ಮೇಲಿಡಬೇಕು. ಕೊಳವೆಬಾವಿಯ ಉಪ್ಪುನೀರು ಹಾಕಿದರೆ ಕುಂಡದ ಬಾಯಿಗೆ ಬಿಳಿ ಪಟ್ಟೆ ಕಟ್ಟುತ್ತದೆ, ಎಲೆಯ ಅಂಚು ಇನ್ನೂ ಬೇಗ ಸುಡುತ್ತದೆ. ತುಂಗಭದ್ರೆಯ ನೀರು ನಲ್ಲಿಯಲ್ಲಿ ಬಂದ ದಿನ ಮನೆಯವರಿಗೆಲ್ಲ ಹಿಡಿದಾದ ಮೇಲೆ ಒಂದು ಕೊಡ ಗಿಡಕ್ಕೆ. ಆ ಕೊಡದ ವಿಷಯದಲ್ಲಿ ನಮ್ಮ ಮನೆಯಲ್ಲಿ ಆಗುವ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಹರಿಮನ್ ಶರ್ಮಾ ಅವರ ಕಥೆ ಹೇಳುತ್ತೇನೆ. ಹಿಮಾಚಲದ ಬಿಲಾಸ್ಪುರ ಜಿಲ್ಲೆಯ ಪನಿಯಾಲ ಊರಿನವರು. ಹಿಮಾಚಲ ಎಂದ ಕೂಡಲೇ ಹಿಮ ನೆನಪಾಗುತ್ತದೆ, ಬಿಲಾಸ್ಪುರ ಮಾತ್ರ ಕೆಳಗಿನ ಸೆಕೆಯ ಸೀಮೆ, ಅಲ್ಲಿ ಮಾವು ಬೆಳೆಯುತ್ತದೆ. 1998ರಲ್ಲಿ ಮನೆಗೆ ತಂದ ಸೇಬು ತಿಂದು ಬೀಜವನ್ನು ಹಿತ್ತಲಿಗೆ ಎಸೆದರು. ಮರುವರ್ಷ ಅಲ್ಲೊಂದು ಸಸಿ ಕಂಡಿತು. ಅವರು ಅದನ್ನು ಗುರುತು ಹಿಡಿದರು, ಕೀಳಲಿಲ್ಲ. 2001ರಲ್ಲಿ ಹಣ್ಣು ಬಿಟ್ಟಿತು. ಅದರ ಕುಡಿ ತೆಗೆದು ಕಸಿ ಮಾಡಿ ಬೆಳೆಸಿದ ತಳಿಗೆ ಈಗ ಎಚ್‌ಆರ್‌ಎಂಎನ್-99 ಎಂದು ಹೆಸರು. ಬಯಲುಸೀಮೆಯ ರಾಜ್ಯಗಳಿಗೆಲ್ಲ ಅದರ ಸಸಿ ಹೋಗಿದೆ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಯಲುಸೀಮೆಯ ಇನ್ನೊಂದು ತಳಿ ಡಾರ್ಸೆಟ್ ಗೋಲ್ಡನ್. ಅದು ಬಹಾಮಾಸ್ ದ್ವೀಪದ ನಸ್ಸೌ ಪಟ್ಟಣದಲ್ಲಿ, ಕಡಲಂಚಿನ ಸೆಕೆಯಲ್ಲಿ, ಐರೀನ್ ಡಾರ್ಸೆಟ್ ಎಂಬಾಕೆ ಬೀಜ ಹಾಕಿ ಎಬ್ಬಿಸಿದ್ದು. ಇಸ್ರೇಲಿನಲ್ಲಿ ಅಬ್ಬಾ ಸ್ಟೈನ್ ತಯಾರಿಸಿದ ಅನ್ನಾ ತಳಿ ಮಾತ್ರ ಬೇಕೆಂದೇ ಅಪ್ಪ ಅಮ್ಮನನ್ನು ಹುಡುಕಿ ಮಾಡಿದ ಸಂಬಂಧ. ಅದಕ್ಕೆ 200–300 ಗಂಟೆಯ ಚಳಿ ಸಾಕು ಎನ್ನುತ್ತಾರೆ.

ದೂರದ ಮಾತು ಬಿಡಿ. ನಮ್ಮದೇ ಉತ್ತರ ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲಿ ಶ್ರೀಶೈಲ ತೇಲಿ ಎಂಬ ರೈತರು ಸೇಬು ಬೆಳೆದಿದ್ದಾರೆ. 35 ಡಿಗ್ರಿ ದಾಟುವ ಊರಿನಲ್ಲಿ ಸೇಬು ಬಂದದ್ದನ್ನು 2025ರ ಏಪ್ರಿಲ್ ತಿಂಗಳ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೇ ಹೇಳಿದರು. ಆ ಮರುದಿನದಿಂದ ನಮ್ಮ ಬೀದಿಯಲ್ಲಿ ನನ್ನ ಮಾನ ತುಸು ಹೆಚ್ಚಿತು. ಹಣ್ಣಿನ ಭಾಯಿಯಂತೂ, "ಸಾರ್, ನಿಮ್ಮದು ಬಿಟ್ಟ ಮ್ಯಾಲೆ ನನಗೇ ಕೊಡಬೇಕು, ಹೋಲ್‌ಸೇಲ್" ಎಂದು ಈಗಲೇ ಮುಂಗಡ ಮಾತು ಪಡೆದಿದ್ದಾರೆ.

ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ತಿನ್ನಲು ಹಣ್ಣು ಬೇಕೆನ್ನುವವರು ಬೀಜದ ಗೊಡವೆಗೆ ಹೋಗಬೇಡಿ. ನಂಬಿಕೆಯ ನರ್ಸರಿಯಿಂದ ಕಸಿಯ ಸಸಿ ತನ್ನಿ. ಅನ್ನಾ ತಂದರೆ ಜೊತೆಗೆ ಡಾರ್ಸೆಟ್ ಗೋಲ್ಡನ್ ಸಹ ತನ್ನಿ, ಒಂಟಿ ಗಿಡ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಷ್ಟ. ಏನು ಬರುತ್ತದೋ ನೋಡೋಣ ಎನ್ನುವ ಕುತೂಹಲ ಇದ್ದವರು ಈ ಗಣೇಶನ ಹಬ್ಬದ ಸೇಬನ್ನು ಅಡ್ಡಕ್ಕೆ ಕೊಯ್ಯಿರಿ, ಉಬ್ಬಿದ ಬೀಜ ಆರಿಸಿ ಫ್ರಿಜ್ಜಿನಲ್ಲಿಡಿ, ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಯಾರ ಮನೆಯಲ್ಲಾದರೂ ಬೀಜದಿಂದ ಎದ್ದ ಸೇಬು ಹೂ ಬಿಟ್ಟಿದ್ದರೆ ದಯವಿಟ್ಟು ತಿಳಿಸಿ. ಒಂದು ಕುಡಿ ಕೇಳಲು ಬರುತ್ತೇನೆ, ಬುಡಕ್ಕೆ ಬೇಕಾದ ಸಸಿ ನಮ್ಮ ಮಾಳಿಗೆಯಲ್ಲಿ ಸಿದ್ಧವಿದೆ.